ಮುಖಕ್ಕೆ ಚುಚ್ಚುವ ಸೂಜಿ: ತೆಳುವಾದುದೆಲ್ಲ ಸುರಕ್ಷಿತವಲ್ಲ

ಹಣೆಯ ಗೆರೆ ಅಳಿಸಲು, ಕುಳಿಬಿದ್ದ ಕೆನ್ನೆ ತುಂಬಿಸಲು, ತುಟಿಗೆ ಉಬ್ಬು ನೀಡಲು ಚುಚ್ಚುಮದ್ದಿನ ಮೊರೆ ಹೋಗುವುದು ಈಗ ಚಿತ್ರತಾರೆಯರಿಗಷ್ಟೇ ಸೀಮಿತವಾದ ಸಂಗತಿಯಲ್ಲ. ರಾಜ್ಯದ ನಗರಗಳ ಚರ್ಮರೋಗ ಚಿಕಿತ್ಸಾಲಯಗಳಲ್ಲಿಯೂ ಈ ಚಿಕಿತ್ಸೆಗಳು ಲಭ್ಯ. ಚಿಕಿತ್ಸೆಗೆ ಮುಂದಾಗುವವರು ಔಷಧದ ಹೆಸರು, ಬೆಲೆ ಹಾಗೂ ಪರಿಣಾಮ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ವಿಚಾರಿಸುತ್ತಾರೆ. ಆ ಔಷಧವನ್ನು ಚರ್ಮದೊಳಕ್ಕೆ ಒಯ್ಯುವ ಸೂಜಿಯ ಬಗ್ಗೆ ಕೇಳುವವರು ವಿರಳ. ಸೂಜಿ ತೆಳುವಾಗಿರಲಿ, ನೋವು ಕಡಿಮೆಯಾಗಲಿ ಎಂಬುದಷ್ಟೇ ಹೆಚ್ಚಿನವರ ಅಪೇಕ್ಷೆ. ಆದರೆ ತೆಳು ಸೂಜಿ ಎಂದರೆ ಸುರಕ್ಷಿತ ಸೂಜಿ ಎಂದರ್ಥವಲ್ಲ. ಮುಖದ ಕೆಲವು ಭಾಗಗಳಲ್ಲಿ ಸೂಜಿಯ ಆಯ್ಕೆಯು ಕಣ್ಣಿನ ದೃಷ್ಟಿಗೇ ಸಂಬಂಧಿಸಿದ ವಿಷಯವಾಗಿದೆ.

ಸಂಖ್ಯೆ ಏರಿದಂತೆ ದಪ್ಪ ಇಳಿಕೆ

ಸೂಜಿಯ ದಪ್ಪವನ್ನು ಗೇಜ್ ಎಂಬ ಮಾನದಿಂದ ಸೂಚಿಸಲಾಗುತ್ತದೆ. ಇಂಗ್ಲೆಂಡಿನಲ್ಲಿ ಲೋಹದ ತಂತಿಯನ್ನು ಅಳೆಯಲು ಬಳಸುತ್ತಿದ್ದ ಪದ್ಧತಿಯಿಂದ ಬಂದ ಈ ಮಾನದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳುವಾಗುತ್ತದೆ. 21 ಗೇಜ್ ಸೂಜಿಯ ಹೊರವ್ಯಾಸ ಸುಮಾರು 0.8 ಮಿ.ಮೀ., 27 ಗೇಜ್‌ನದು 0.4 ಮಿ.ಮೀ., 30 ಗೇಜ್‌ನದು 0.3 ಮಿ.ಮೀ. ಸೂಜಿಯ ಬುಡದ ಪ್ಲಾಸ್ಟಿಕ್ ಭಾಗದ ಬಣ್ಣವೂ ಅಂತರರಾಷ್ಟ್ರೀಯ ಮಾನದಂಡದಂತೆ ಗೇಜ್ ಅನ್ನು ಸೂಚಿಸುತ್ತದೆ: 21ಕ್ಕೆ ಹಸಿರು, 25ಕ್ಕೆ ಕಿತ್ತಳೆ, 27ಕ್ಕೆ ಬೂದು, 30ಕ್ಕೆ ಹಳದಿ. ಹೊದಿಕೆಯ ಮೇಲೆ ಗೇಜ್ ಹಾಗೂ ಉದ್ದ ಎರಡನ್ನೂ ಮುದ್ರಿಸಲಾಗಿರುತ್ತದೆ.

ಸೂಜಿ ತೆಳುವಾದಂತೆ ಅದರ ಒಳರಂಧ್ರವೂ ಕಿರಿದಾಗುತ್ತದೆ. ನೀರಿನಂತಹ ದ್ರವದ ಹರಿವು ರಂಧ್ರದ ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿರುತ್ತದೆ. ಅಂದರೆ ತ್ರಿಜ್ಯ ಅರ್ಧಕ್ಕೆ ಇಳಿದರೆ, ಅಷ್ಟೇ ಒತ್ತಡದಲ್ಲಿ ಹರಿಯುವ ಪ್ರಮಾಣ ಹದಿನಾರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಆದ್ದರಿಂದ ಯಾವ ಔಷಧ, ಎಷ್ಟು ಆಳಕ್ಕೆ, ಮುಖದ ಯಾವ ಭಾಗಕ್ಕೆ ಎಂಬ ಮೂರು ಅಂಶಗಳನ್ನು ಪರಿಗಣಿಸಿಯೇ ಸೂಜಿಯನ್ನು ನಿರ್ಧರಿಸಬೇಕಾಗುತ್ತದೆ.

ಬೊಟಾಕ್ಸ್‌ಗೆ ತೆಳು ಸೂಜಿ

ಬೊಟಾಕ್ಸ್ ಎಂದು ಜನಪ್ರಿಯವಾಗಿರುವ ಬೊಟುಲಿನಮ್ ಟಾಕ್ಸಿನ್ ಸ್ನಾಯುಗಳನ್ನು ತಾತ್ಕಾಲಿಕವಾಗಿ ಸಡಿಲಗೊಳಿಸುವ ಔಷಧ. ಹುಬ್ಬುಗಳ ನಡುವಿನ ಗೆರೆಗಳ ನಿವಾರಣೆಗೆ ಇದನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2002ರಲ್ಲಿ ಅನುಮತಿ ನೀಡಿತು. ಪುಡಿಯ ರೂಪದಲ್ಲಿ ಬರುವ ಈ ಔಷಧವನ್ನು ಲವಣಜಲದಲ್ಲಿ ಕರಗಿಸಿದಾಗ ತೆಳು ದ್ರವವಾಗುತ್ತದೆ. ಒಂದೊಂದು ಬಿಂದುವಿಗೆ 0.1 ಮಿ.ಲೀ.ನಷ್ಟು ಅಲ್ಪ ಪ್ರಮಾಣ ಸಾಕು. ಹೀಗಾಗಿ 30ರಿಂದ 33 ಗೇಜ್‌ನ ಗಿಡ್ಡ ಸೂಜಿ ಇಲ್ಲಿ ಸೂಕ್ತ. ನೋವು ಹಾಗೂ ಚರ್ಮ ಕಂದುಗಟ್ಟುವಿಕೆ ಎರಡೂ ಕಡಿಮೆ.

ಔಷಧವನ್ನು ಸೀಸೆಯಿಂದ ಎಳೆದುಕೊಂಡ ಸೂಜಿಯನ್ನೇ ಮುಖಕ್ಕೆ ಬಳಸುವುದು ಸರಿಯಲ್ಲ. ಸೀಸೆಯ ರಬ್ಬರ್ ಮುಚ್ಚಳವನ್ನು ಭೇದಿಸಿದ ಸೂಜಿಯ ಮೊನೆ ಮೊಂಡಾಗಿರುತ್ತದೆ. ಕರಗಿಸಿ ಎಳೆದುಕೊಳ್ಳಲು 21 ಗೇಜ್‌ನಂತಹ ದಪ್ಪ ಸೂಜಿ, ಚುಚ್ಚಲು ಬೇರೆಯೇ ತೆಳು ಸೂಜಿ ಎಂಬುದು ಸರಿಯಾದ ಕ್ರಮ. ಚರ್ಮವನ್ನು ಹಲವು ಬಾರಿ ಚುಚ್ಚಿದ ಬಳಿಕವೂ ಮೊನೆ ಮೊಂಡಾಗುವುದರಿಂದ ಚಿಕಿತ್ಸೆಯ ನಡುವೆ ಸೂಜಿ ಬದಲಿಸುವುದು ಒಳಿತು.

ಫಿಲ್ಲರ್ ವಿಷಯವೇ ಬೇರೆ

ಕೆನ್ನೆ, ತುಟಿ ಮುಂತಾದ ಭಾಗಗಳನ್ನು ತುಂಬಿಸಲು ಬಳಸುವ ಫಿಲ್ಲರ್‌ಗಳಲ್ಲಿ ಹೈಲುರಾನಿಕ್ ಆಮ್ಲದ ಜೆಲ್ ಪ್ರಮುಖವಾದುದು. ಇದು ಅಂಟಾದ, ಗಟ್ಟಿ ಪದಾರ್ಥ. ಮೃದು ಜೆಲ್‌ಗೆ 30 ಗೇಜ್, ಗಟ್ಟಿ ಜೆಲ್‌ಗೆ 27 ಗೇಜ್ ಸೂಜಿ ಸಾಮಾನ್ಯವಾಗಿ ಬಳಕೆಯಲ್ಲಿವೆ. ಅನೇಕ ತಯಾರಕರು ಜೆಲ್‌ನ ಗುಣಕ್ಕೆ ಹೊಂದುವ ಸೂಜಿಯನ್ನು ಪೊಟ್ಟಣದಲ್ಲಿಯೇ ಇಟ್ಟಿರುತ್ತಾರೆ. ಅದಕ್ಕಿಂತ ತೆಳುವಾದ ಸೂಜಿ ಬಳಸಿದರೆ ಸಿರಿಂಜನ್ನು ಬಲವಾಗಿ ಒತ್ತಬೇಕಾಗುತ್ತದೆ. ಆಗ ಸೂಜಿ ಕಳಚಿಕೊಳ್ಳಬಹುದು ಅಥವಾ ಜೆಲ್ ಒಮ್ಮೆಲೇ ಹೆಚ್ಚಾಗಿ ಒಳನುಗ್ಗಬಹುದು. ತಿರುಚಿ ಬಿಗಿಯುವ ಬಗೆಯ ಸಿರಿಂಜ್ ಬಳಸುವುದು ಈ ಕಾರಣಕ್ಕಾಗಿಯೇ.

ದೃಷ್ಟಿಗೆ ಕುತ್ತು ಹೇಗೆ?

ಹುಬ್ಬುಗಳ ನಡುವಿನ ಭಾಗ, ಮೂಗು, ಹಣೆ ಹಾಗೂ ಮೂಗಿನ ಬದಿಯಿಂದ ತುಟಿಯ ಅಂಚಿಗೆ ಇಳಿಯುವ ಗೆರೆ ಅತ್ಯಂತ ಅಪಾಯಕಾರಿ ಸ್ಥಳಗಳೆನಿಸಿವೆ. ಇಲ್ಲಿನ ರಕ್ತನಾಳಗಳಿಗೆ ಕಣ್ಣಿಗೆ ರಕ್ತ ಪೂರೈಸುವ ಅಪಧಮನಿಯೊಂದಿಗೆ ಸಂಪರ್ಕವಿದೆ. ಸೂಜಿಯ ಮೊನೆ ಅಪಧಮನಿಯೊಳಗೆ ಹೊಕ್ಕಾಗ ಜೆಲ್ ಅನ್ನು ರಭಸದಿಂದ ಒತ್ತಿದರೆ, ಅದು ರಕ್ತದ ಹರಿವಿಗೆ ಎದುರಾಗಿ ಹಿಮ್ಮುಖವಾಗಿ ಸಾಗಿ ಅಕ್ಷಿಪಟಲದ ನಾಳವನ್ನು ಮುಚ್ಚಬಲ್ಲದು. ಪರಿಣಾಮ ಶಾಶ್ವತ ಅಂಧತ್ವ. ಪಾರ್ಶ್ವವಾಯು ಸಂಭವಿಸಿದ ಹಾಗೂ ಚರ್ಮ ಕೊಳೆತ ಪ್ರಕರಣಗಳೂ ವರದಿಯಾಗಿವೆ. ಇಂತಹ ಪ್ರಕರಣಗಳು ಅಪರೂಪವಾದರೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2015ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು.

ಚುಚ್ಚಿದ ನಂತರ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡುವ ರೂಢಿಯಿದೆ. ಆದರೆ ಗಟ್ಟಿ ಜೆಲ್ ತುಂಬಿದ ತೆಳು ಸೂಜಿಯಲ್ಲಿ, ಮೊನೆ ನಾಳದೊಳಗಿದ್ದರೂ ರಕ್ತ ಕಾಣಿಸದೇ ಹೋಗಬಹುದು. ಹಾಗಾಗಿ ಈ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ.

ಮೊಂಡು ತುದಿಯ ಕ್ಯಾನ್ಯುಲಾ

ಇದಕ್ಕೆ ಪರ್ಯಾಯವಾಗಿ ಬಂದುದು ಕ್ಯಾನ್ಯುಲಾ. ಬಾಗುವ ಗುಣವುಳ್ಳ ಈ ನಳಿಕೆಯ ತುದಿ ಮೊಂಡು, ರಂಧ್ರವಿರುವುದು ಪಕ್ಕದಲ್ಲಿ. ಮೊದಲು ಸೂಜಿಯಿಂದ ಸಣ್ಣ ದ್ವಾರ ಮಾಡಿ, ಅದರ ಮೂಲಕ ಇದನ್ನು ಒಳಸೇರಿಸಲಾಗುತ್ತದೆ. ನಾಳ ಎದುರಾದಾಗ ಅದನ್ನು ಭೇದಿಸುವ ಬದಲು ಬದಿಗೆ ಸರಿಯುವ ಸಾಧ್ಯತೆ ಹೆಚ್ಚು. ಅಮೆರಿಕದ 370 ಚರ್ಮರೋಗ ತಜ್ಞರ 17 ಲಕ್ಷ ಸಿರಿಂಜ್‌ಗಳ ಅನುಭವ ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೂಜಿ ಬಳಸಿದಾಗ ಪ್ರತಿ 6,410 ಸಿರಿಂಜ್‌ಗಳಿಗೆ ಒಂದರಂತೆ ರಕ್ತನಾಳ ಮುಚ್ಚಿಹೋಗಿದ್ದರೆ, ಕ್ಯಾನ್ಯುಲಾ ಬಳಸಿದಾಗ ಈ ಪ್ರಮಾಣ 40,882ಕ್ಕೆ ಒಂದು.

ಇಲ್ಲಿಯೂ ಅತಿ ತೆಳುವಾದುದು ಅಪಾಯಕಾರಿಯೇ. 22 ಅಥವಾ 25 ಗೇಜ್ ಕ್ಯಾನ್ಯುಲಾ ನಾಳವನ್ನು ಭೇದಿಸಲು ಸೂಜಿಗಿಂತ ಹೆಚ್ಚು ಬಲ ಬೇಕು. 27 ಗೇಜ್‌ಗೆ ಇಳಿದರೆ ಅದು ಹೆಚ್ಚುಕಡಿಮೆ ಸೂಜಿಯಂತೆಯೇ ವರ್ತಿಸುತ್ತದೆ. ಹಾಗೆಂದು ಎಲ್ಲ ಕಡೆಯೂ ಕ್ಯಾನ್ಯುಲಾ ಸಲ್ಲದು. ತುಟಿಯ ಅಂಚಿನ ಸೂಕ್ಷ್ಮ ಕೆಲಸಕ್ಕೆ, ಮೂಳೆಯ ಮೇಲೆ ನೇರವಾಗಿ ಜೆಲ್ ಇರಿಸುವುದಕ್ಕೆ ಸೂಜಿಯೇ ನಿಖರ. ಈ ವಿವೇಚನೆ ಮುಖದ ಅಂಗರಚನೆಯನ್ನು ಬಲ್ಲ ವೈದ್ಯರಿಗೆ ಮಾತ್ರ ಸಾಧ್ಯ.

ಒಬ್ಬರಿಗೆ ಬಳಸಿದ್ದು ಮತ್ತೊಬ್ಬರಿಗೆ ಸಲ್ಲದು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ, 2018ರಲ್ಲಿ ಮುಚ್ಚಲಾದ ಪರವಾನಗಿರಹಿತ ಸ್ಪಾ ಒಂದರಲ್ಲಿ ತಮ್ಮದೇ ರಕ್ತದ ಅಂಶವನ್ನು ಸೂಕ್ಷ್ಮ ಸೂಜಿಗಳ ಮೂಲಕ ಮುಖಕ್ಕೆ ಸೇರಿಸುವ ಚಿಕಿತ್ಸೆ ಪಡೆದಿದ್ದ ಮೂವರು ಮಹಿಳೆಯರಿಗೆ ಎಚ್‌ಐವಿ ಸೋಂಕು ತಗುಲಿರುವುದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2024ರಲ್ಲಿ ಬಹಿರಂಗಪಡಿಸಿತು. ಒಮ್ಮೆ ಬಳಸಿ ಎಸೆಯಬೇಕಾದ ಸಲಕರಣೆಗಳ ಮರುಬಳಕೆಯತ್ತ ತನಿಖೆ ಬೊಟ್ಟು ಮಾಡಿತ್ತು. ಭಾರತದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಸಿದ ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿಯ ಪಾರಭಾಸಕ ಡಬ್ಬಿಗೆ ಹಾಕಬೇಕು. ಚಿಕಿತ್ಸಾ ಕೊಠಡಿಯಲ್ಲಿ ಅಂತಹ ಡಬ್ಬಿ ಕಾಣದಿದ್ದರೆ ಪ್ರಶ್ನಿಸುವ ಹಕ್ಕು ಗ್ರಾಹಕರಿಗಿದೆ.

ಸೂಜಿಯೇ ಇಲ್ಲದೆ ಒತ್ತಡದಿಂದ ಫಿಲ್ಲರ್ ಸೇರಿಸುವ ಪೆನ್ನಿನಂತಹ ಸಾಧನಗಳನ್ನು ಬಳಸದಂತೆಯೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಎಚ್ಚರಿಸಿದೆ.

ಗಮನಿಸಬೇಕಾದ ಅಂಶಗಳು

* ಚಿಕಿತ್ಸಾಲಯವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ, ಚುಚ್ಚುವವರು ನೋಂದಾಯಿತ ವೈದ್ಯರೇ ಎಂಬುದನ್ನು ಖಚಿತಪಡಿಸಿಕೊಳ್ಳಿ.
* ಸೂಜಿ ಹಾಗೂ ಸಿರಿಂಜ್‌ನ ಹೊದಿಕೆಯನ್ನು ನಿಮ್ಮೆದುರೇ ತೆರೆಯಲು ಹೇಳಿ. ಅವಧಿ ಮುಗಿಯುವ ದಿನಾಂಕ ನೋಡಿ.
* ನಿಮ್ಮ ಚಿಕಿತ್ಸೆಗೆ ಸೂಜಿಯೋ ಕ್ಯಾನ್ಯುಲಾವೋ, ಯಾವ ಗೇಜ್, ಏಕೆ ಎಂದು ಕೇಳಿ.
* ಹೈಲುರಾನಿಕ್ ಆಮ್ಲದ ಫಿಲ್ಲರ್ ಅನ್ನು ಕರಗಿಸುವ ಹೈಲುರಾನಿಡೇಸ್ ಔಷಧ ಅಲ್ಲಿಯೇ ಸಿದ್ಧವಿದೆಯೇ ಎಂದು ವಿಚಾರಿಸಿ.
* ಚುಚ್ಚಿದ ಭಾಗದ ಚರ್ಮ ಬಿಳಿಚಿಕೊಂಡರೆ, ಬಲೆಯಂತೆ ನೀಲಿಗಟ್ಟಿದರೆ ಅಥವಾ ತೀವ್ರ ನೋವು ಕಾಣಿಸಿಕೊಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ದೃಷ್ಟಿ ಮಸುಕಾದರೆ ಮನೆಗೆ ಹೋಗಿ ಕಾಯಬೇಡಿ. ನೇತ್ರ ತಜ್ಞರಿರುವ ಆಸ್ಪತ್ರೆಗೆ ಆ ಕ್ಷಣವೇ ತೆರಳಬೇಕು. ರಕ್ತಪೂರೈಕೆ ನಿಂತ ಅಕ್ಷಿಪಟಲ ಹೆಚ್ಚು ಹೊತ್ತು ತಾಳುವುದಿಲ್ಲ.