ಅಂಗೈ ಅಗಲದ ಟ್ಯಾಂಕುಗಳು: ಒಂದು ಕಪಾಟಿನ ಚರಿತ್ರೆ

ಬೆಂಗಳೂರಿನವರಿಗೆ ಟ್ಯಾಂಕ್ ಅಂದ್ರೆ ಸ್ಯಾಂಕಿ ಟ್ಯಾಂಕ್ ನೆನಪಾಗುತ್ತೆ, ಇಲ್ಲಾಂದ್ರೆ ತಾರಸಿ ಮೇಲಿನ ಕಪ್ಪು ಸಿಂಟೆಕ್ಸ್. ನಾನು ಟ್ಯಾಂಕ್ ಸಂಗ್ರಹಿಸ್ತೀನಿ ಅಂತ ನಮ್ಮ ಬಳಗದ ಯುಗಾದಿ ಊಟದಲ್ಲಿ ಹೇಳಿದಾಗ ಒಬ್ಬರು, "ಈ ದೇಶದಲ್ಲಿ ನೀರಿಗೇನು ಬರ ಇಲ್ಲವಲ್ಲ ಸಾರ್!" ಅಂದರು. ಎಲ್ಲರೂ ನಕ್ಕರು. ಆದರೆ ಆ ತಮಾಷೆಯ ಒಳಗೇ ಚರಿತ್ರೆ ಇದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನ ಕಾರ್ಖಾನೆಯೊಂದರಲ್ಲಿ ಈ ಹೊಸ ಯಂತ್ರ ತಯಾರಾಗುತ್ತಿತ್ತು. ಗುಟ್ಟು ಹೊರಗೆ ಹೋಗಬಾರದು ಅಂತ ಅದಕ್ಕೆ 'ಟ್ಯಾಂಕ್', ಅಂದರೆ ನೀರಿನ ತೊಟ್ಟಿ, ಎಂಬ ಸುಳ್ಳು ಹೆಸರಿಟ್ಟರು. 15 ಸೆಪ್ಟೆಂಬರ್ 1916ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಸಲ ಯುದ್ಧಕ್ಕಿಳಿಯಿತು, ಸುಳ್ಳು ಹೆಸರೇ ನಿಜವಾದ ಹೆಸರಾಯಿತು. ಇಂಗ್ಲಿಷಿನ ಆ ಪದವೂ ಗುಜರಾತಿ, ಮರಾಠಿಗಳ 'ಟಾಂಕೆ' ಎಂಬ ನೀರುತೊಟ್ಟಿಯ ಹೆಸರಿನಿಂದ ಬಂದಿರಬಹುದು ಅಂತ ನಿಘಂಟುಗಳು ಹೇಳುತ್ತವೆ. ಹಾಗಾಗಿ ಕೆರೆಗೂ ಯುದ್ಧದ ಟ್ಯಾಂಕಿಗೂ ನಂಟು ಇಲ್ಲ ಅನ್ನೋ ಹಾಗಿಲ್ಲ.

ನನ್ನ ಕಪಾಟಿನಲ್ಲಿರೋದು ಡೈಕ್ಯಾಸ್ಟ್ ಮಾದರಿಗಳು, ಅಂದರೆ ಲೋಹ ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿ ಮಾಡಿದವು. ಲೋಹದಲ್ಲಿ ಬಹುಪಾಲು ಸತು, ಜೊತೆಗೆ ಸುಮಾರು ನೂರಕ್ಕೆ ನಾಲ್ಕು ಪಾಲು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ತಾಮ್ರ. ಸತು ಸುಮಾರು 400 ಡಿಗ್ರಿಗೇ ಕರಗುತ್ತೆ, ಅಚ್ಚು ಬೇಗ ಸವೆಯಲ್ಲ, ಒಂದೇ ಅಚ್ಚಿನಿಂದ ಸಾವಿರಾರು ತೆಗೀಬಹುದು. ಆಟಿಕೆ ಅಗ್ಗವಾದದ್ದು ಹೀಗೆ. ಲಿವರ್‌ಪೂಲ್‌ನ ಮೆಕ್ಯಾನೋ ಕಂಪನಿ 1933ರ ಕೊನೆಗೆ ಆರು ಪುಟ್ಟ ವಾಹನಗಳ ಒಂದು ಸೆಟ್ ಹೊರತಂದಿತು. ಎರಡು ಕಾರು, ಒಂದು ಲಾರಿ, ಒಂದು ವ್ಯಾನು, ಒಂದು ಟ್ರ್ಯಾಕ್ಟರ್, ಆರನೆಯದು ಟ್ಯಾಂಕ್. ಮರುವರ್ಷ ಇವಕ್ಕೆ 'ಡಿಂಕಿ ಟಾಯ್ಸ್' ಅನ್ನೋ ಹೆಸರು ಬಂತು. ಅಂದರೆ ಡಿಂಕಿಯ ಮೊದಲ ಗುಂಪಿನಲ್ಲೇ ಟ್ಯಾಂಕ್ ಇತ್ತು. ಅದರೊಂದಿಗೆ ಆಡಿದ ಹುಡುಗರಲ್ಲಿ ಎಷ್ಟೋ ಜನ ಮುಂದೆ ಹತ್ತು ವರ್ಷದೊಳಗೆ ನಿಜವಾದ ಟ್ಯಾಂಕಿನೊಳಗೆ ಕೂತಿರಬೇಕು.

ಆ ಕಾಲದ ಮಾದರಿಗಳು ಈಗ ಅಪರೂಪ. ಗುಜರಿ ಸತುವಿನಲ್ಲಿ ಸೀಸ ಸ್ವಲ್ಪ ಬೆರೆತಿದ್ದರೂ ಸಾಕು, ವರ್ಷಗಳು ಕಳೆದಂತೆ ಲೋಹ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಹಳೇ ಗಾರೆಯಂತೆ ಉದುರುತ್ತೆ. ಸಂಗ್ರಾಹಕರು ಇದನ್ನು ಸತುವಿನ ರೋಗ ಅಂತಾರೆ. ಇದಕ್ಕೆ ಔಷಧಿ ಇಲ್ಲ. ಹೊಸದಾಗಿ ಶುರು ಮಾಡೋರಿಗೆ ನನ್ನ ಸಲಹೆ ಇಷ್ಟೇ: ಯುದ್ಧಕ್ಕಿಂತ ಹಿಂದಿನ ಮಾದರಿ ಕಂಡರೆ ಬಣ್ಣ ನೋಡಿ ಮರುಳಾಗಬೇಡಿ, ತಿರುಗಿಸಿ ಹೊಟ್ಟೆ ನೋಡಿ. ಕೂದಲೆಳೆ ಬಿರುಕು ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಕೊಳ್ಳೋದಕ್ಕೆ ಈ ದೇಶದಷ್ಟು ಒಳ್ಳೇ ಜಾಗ ಇಲ್ಲ. ಏಪ್ರಿಲ್ 27ರ ರಾಜನ ಹುಟ್ಟುಹಬ್ಬದಂದು ಬೀದಿ ಬೀದಿಯಲ್ಲಿ ಕಂಬಳಿ ಹಾಸಿ ಮಕ್ಕಳು ಹಳೇ ಆಟಿಕೆ ಮಾರ್ತಾರಲ್ಲ, ಎರಡು ಯೂರೋಗೆ ನನಗೆ ಸಿಕ್ಕಿರೋದು ಅಲ್ಲೇ. ಉಳಿದ ದಿನ ಕ್ರಿಂಗ್‌ಲೂಪ್ ಅಂಗಡಿಗಳಿವೆ, ಹೌಟನ್‌ನಲ್ಲಿ ಮಾದರಿ ವಾಹನಗಳ ದೊಡ್ಡ ಸಂತೆ ನಡೆಯುತ್ತೆ. ಆದರೆ ಅಲ್ಲೆಲ್ಲ ಒಂದು ವಿಷಯ ಕಣ್ಣಿಗೆ ಹೊಡೆಯುತ್ತೆ. ಜರ್ಮನಿಯ ಟೈಗರ್, ಪ್ಯಾಂಥರ್ ಮೇಜು ತುಂಬಾ. ಅಮೆರಿಕದ ಶೆರ್ಮನ್, ರಷ್ಯಾದ ಟಿ-34 ಅದರ ನಂತರ. ಡಚ್ ಸೇನೆಯ ಗುರುತಿರೋ ಟ್ಯಾಂಕ್ ಹುಡುಕಬೇಕು. ಭಾರತದ ಗುರುತಿರೋದು ನಾನು ಒಂದೂ ನೋಡಿಲ್ಲ.

ಇದನ್ನ ನಾನು ಯೋಚಿಸೋ ಹಾಗೆ ಮಾಡಿದ್ದು ಮಗಳು. ದಸರಾಕ್ಕೆ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿಗೆ ಜಂಬೂಸವಾರಿಯ ಸಿಪಾಯಿಗಳ ಪಕ್ಕ ನನ್ನ ಟ್ಯಾಂಕುಗಳನ್ನೂ ಜೋಡಿಸಿದಳು. ಆಯುಧಪೂಜೆ ದಿನ ಎಲ್ಲಕ್ಕೂ ಕುಂಕುಮ ಇಟ್ಟಳು, ಟೈಗರ್‌ಗೂ! ಆಮೇಲೆ ಕೇಳಿದಳು: "ಅಪ್ಪಾ, ಇದ್ರಲ್ಲಿ ನಮ್ದು ಯಾವ್ದು?" ಇಲ್ಲೇ ಹುಟ್ಟಿ ಇಲ್ಲೇ ಶಾಲೆಗೆ ಹೋಗೋ ಮಗು. 'ನಮ್ದು' ಅಂದ್ರೆ ಯಾರದು ಅನ್ನೋದೇ ಮೊದಲ ಪ್ರಶ್ನೆ.

ಡಚ್ಚರದು ಅಂತ ಹೊರಟರೆ 1940ರ ಮೇ ತಿಂಗಳಲ್ಲಿ ಇವರ ಸೇನೆಯಲ್ಲಿದ್ದದ್ದು ಒಂದೇ ಒಂದು ಟ್ಯಾಂಕ್. 1927ರಲ್ಲಿ ಪರೀಕ್ಷೆಗೆಂದು ಕೊಂಡ ಹಳೇ ಫ್ರೆಂಚ್ ರೆನೋ. ಜೊತೆಗೆ ಸ್ವೀಡನ್‌ನಿಂದ ತಂದ ಒಂದಷ್ಟು ಕವಚದ ಕಾರುಗಳು, ನಮ್ಮಲ್ಲಿ ಎಷ್ಟೋ ಜನಕ್ಕೆ ಲಾರಿ ಕಂಪನಿಯಾಗಿ ಗೊತ್ತಿರುವ ಐಂಡ್‌ಹೋವನ್‌ನ ಡಾಫ್ ಕಟ್ಟಿದ ಕೆಲವು. ಎದುರಿಗೆ ಬಂದದ್ದು ಜರ್ಮನರ ಇಡೀ ಟ್ಯಾಂಕ್ ಡಿವಿಷನ್. ಐದು ದಿನದಲ್ಲಿ, ರಾಟರ್‌ಡ್ಯಾಮ್ ಬಾಂಬಿಗೆ ಸುಟ್ಟ ಮೇಲೆ, ದೇಶ ಶರಣಾಯಿತು.

ಆ ಐದು ದಿನ ಹೋರಾಡಿದವರಲ್ಲಿ ಒಬ್ಬನ ಹೆಸರು ನಮಗೆಲ್ಲ ಗೊತ್ತು, ಆದರೆ ಅದು ಮನುಷ್ಯನ ಹೆಸರು ಅಂತ ಗೊತ್ತಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ನಾವು ತಪ್ಪದೆ ಕರ್ಕೊಂಡು ಹೋಗೋ ಹೇಗ್‌ನ ಮದುರೊಡ್ಯಾಮ್, 25ಕ್ಕೆ 1ರ ಅಳತೆಯ ಆ ಪುಟ್ಟ ಊರು, ಒಂದು ಯುದ್ಧ ಸ್ಮಾರಕ. ಜಾರ್ಜ್ ಮದುರೊ ಕ್ಯುರಸಾವ್ ದ್ವೀಪದಲ್ಲಿ ಹುಟ್ಟಿದ ಯಹೂದಿ ಹುಡುಗ, ಓದಲಿಕ್ಕೆ ಲೈಡನ್‌ಗೆ ಬಂದವನು. ಒಂದು ರೀತಿಯಲ್ಲಿ ನಮ್ಮ ಹಾಗೇ ಹೊರಗಿನಿಂದ ಬಂದವನು. ಅಶ್ವದಳದ ಅಧಿಕಾರಿಯಾಗಿ ಮೇ 1940ರಲ್ಲಿ ಹೇಗ್ ಪಕ್ಕದಲ್ಲಿ ಜರ್ಮನ್ ಪ್ಯಾರಾಟ್ರೂಪರ್‌ಗಳ ವಿರುದ್ಧ ಹೋರಾಡಿದ, ಸೆರೆಸಿಕ್ಕ, ಫೆಬ್ರುವರಿ 1945ರಲ್ಲಿ ಡಾಕಾವ್ ಶಿಬಿರದಲ್ಲಿ ಸತ್ತ. ಅವನ ತಂದೆತಾಯಿ ಕೊಟ್ಟ ಹಣದಿಂದ ಆ ಊರು ಕಟ್ಟಲು ಸಾಧ್ಯವಾಯಿತು, 2 ಜುಲೈ 1952ರಂದು ಅದು ತೆರೆಯಿತು. ಮುಂದಿನ ಸಲ ಹೋದಾಗ ವಿಮಾನ, ರೈಲು ತೋರಿಸುವ ಮುಂಚೆ ಮಕ್ಕಳಿಗೆ ಇದನ್ನೂ ಒಂದು ಮಾತು ಹೇಳಿ.

ಮಾದರಿಯಲ್ಲಿ ಕಾಣದ್ದನ್ನು ನೋಡಬೇಕಾದರೆ ಓವರ್‌ಲೋನ್‌ಗೆ ಹೋಗಬೇಕು. ಐಂಡ್‌ಹೋವನ್ ಕಡೆಯವರಿಗೆ ಹತ್ತಿರ. 30 ಸೆಪ್ಟೆಂಬರ್ 1944ರಿಂದ ಅಮೆರಿಕದ ಏಳನೇ ಟ್ಯಾಂಕ್ ಡಿವಿಷನ್ ಅಲ್ಲಿ ತಲೆ ಚಚ್ಚಿಕೊಂಡು ಹಿಂದೆ ಸರಿಯಿತು. ಆಮೇಲೆ ಬ್ರಿಟಿಷರು ಬಂದು ಅಕ್ಟೋಬರ್ ಮಧ್ಯಕ್ಕೆ ಊರನ್ನು ಹಿಡಿದರು. ಹಿಡಿಯುವ ಹೊತ್ತಿಗೆ ಊರು ಅಂತ ಉಳಿದಿರಲಿಲ್ಲ. ಕೆಟ್ಟು ನಿಂತ ಟ್ಯಾಂಕುಗಳನ್ನು ಗುಜರಿಗೆ ಹಾಕದೆ ಯುದ್ಧ ನಡೆದ ಜಾಗದಲ್ಲೇ ಉಳಿಸೋಣ ಅಂತ ಹ್ಯಾರಿ ವಾನ್ ದಾಲ್ ಎಂಬವರು ಹಟ ಹಿಡಿದರು, 25 ಮೇ 1946ರಂದು ಮ್ಯೂಸಿಯಂ ಆಯಿತು. ಅದೇ ಕಾಳಗದಲ್ಲಿ ಬಿದ್ದ ಪ್ಯಾಂಥರ್ ಇವತ್ತೂ ಅಲ್ಲಿದೆ. ನನ್ನ ಕಪಾಟಿನ ಪ್ಯಾಂಥರ್ 72ಕ್ಕೆ 1ರ ಅಳತೆ, ತೋಪು ಸೇರಿ 12 ಸೆಂಟಿಮೀಟರ್. ಅಲ್ಲಿರೋದು ಎಂಟೂವರೆ ಮೀಟರ್ ದಾಟುತ್ತೆ. ಅದರೊಳಗೆ ಐದು ಜನ ಕೂರುತ್ತಿದ್ದರು. ಹೊರಬರುವ ಕಿಂಡಿಯ ಅಗಲ ನೋಡಿದರೆ ಸಾಕು, ಬೆಂಕಿ ಬಿದ್ದಾಗ ಏನಾಗುತ್ತಿತ್ತು ಅಂತ ಯಾರೂ ವಿವರಿಸಬೇಕಾಗಿಲ್ಲ. ಮ್ಯೂಸಿಯಂ ನೋಡಿ ಹಾಗೇ ವಾಪಸ್ ಬರಬೇಡಿ. ಊರಲ್ಲೇ ಸುಮಾರು 280 ಸಮಾಧಿಗಳ ಮಿತ್ರಪಡೆಯ ಸ್ಮಶಾನ ಇದೆ. ಸ್ವಲ್ಪ ದೂರದ ಐಸೆಲ್‌ಸ್ಟೈನ್‌ನಲ್ಲಿ ಜರ್ಮನರದು, 31 ಸಾವಿರಕ್ಕೂ ಹೆಚ್ಚು. ಅದನ್ನ ನೋಡಿ ಬಂದ ಮೇಲೆ ಟೈಗರ್ ಮಾದರಿಗೆ ನಾನು ಮೊದಲಿನಷ್ಟು ದುಡ್ಡು ಸುರಿದಿಲ್ಲ.

ನಮ್ಮ ಪಕ್ಕದ ಮನೆ ಅಜ್ಜಿ ಬ್ರಾಬಾಂಟ್‌ನವರು, ಆ ಶರತ್ಕಾಲದಲ್ಲಿ ಪುಟ್ಟ ಹುಡುಗಿ. ನನ್ನ ಕಪಾಟು ನೋಡಿ ಬೈಲಿಲ್ಲ, ಹೊಗಳಲೂ ಇಲ್ಲ. "ಇವು ಸದ್ದು ಮಾಡಲ್ಲ ಅಲ್ವಾ, ಒಳ್ಳೇದಾಯ್ತು" ಅಂದರು. ನೆಲಮಾಳಿಗೆಯಲ್ಲಿ ಕೂತವರಿಗೆ ಟ್ಯಾಂಕ್ ಕಾಣೋದಿಲ್ಲ, ಬರೀ ಕೇಳಿಸುತ್ತೆ ಅನ್ನೋದು ನನಗೆ ಹೊಳೆದದ್ದು ಆಗಲೇ.

ಯುದ್ಧದ ನಂತರ ಡಚ್ಚರು ಅಮೆರಿಕದ ನೆರವಿನ ಹಣದಲ್ಲಿ ಬ್ರಿಟನ್‌ನ ಸೆಂಚುರಿಯನ್ ಟ್ಯಾಂಕುಗಳನ್ನು ತರಿಸಿಕೊಂಡರು. ಭಾರತವೂ ಅದೇ ಸೆಂಚುರಿಯನ್ ಕೊಂಡಿತು. 16 ಡಿಸೆಂಬರ್ 1971ರಂದು ಬಸಂತರ್ ಕಾಳಗದಲ್ಲಿ 21 ವರ್ಷದ ಅರುಣ್ ಖೇತರ್‌ಪಾಲ್ ಕೊನೆ ತನಕ ಹೋರಾಡಿ ಮಡಿದದ್ದು, ಪರಮವೀರ ಚಕ್ರ ಪಡೆದದ್ದು 'ಫಮಗುಸ್ತಾ' ಅನ್ನೋ ಸೆಂಚುರಿಯನ್‌ನಲ್ಲಿ. ಡಿಂಕಿ ಕಂಪನಿ 1954ರಲ್ಲಿ 651ನೇ ನಂಬರಿನ ಸೆಂಚುರಿಯನ್ ತಂದಿತು. ಬಣ್ಣ ಹೋದದ್ದು ಇಲ್ಲಿ ಈಗಲೂ ಸಿಗುತ್ತೆ. ಅದರ ಮೇಲೆ ಯಾವ ದೇಶದ ಗುರುತೂ ಇಲ್ಲ. ಮಗಳ ಪ್ರಶ್ನೆಗೆ ನಾನು ಮೊದಲು ಎತ್ತಿಕೊಟ್ಟದ್ದು ಅದನ್ನೇ. ಎರಡೂ ಕಡೆಯದು.

ಎರಡನೆಯದು ಸ್ಟುವರ್ಟ್. ಅಮೆರಿಕದ ಹಗುರ ಟ್ಯಾಂಕ್, ಸುಮಾರು 15 ಟನ್, ಟೈಗರ್ ಮುಂದೆ ಇಲಿಮರಿ. 1948ರಲ್ಲಿ ಲಡಾಖಿನ ದಾರಿ ಜೋಜಿ ಲಾ ಕಣಿವೆಯಲ್ಲಿ ಮುಚ್ಚಿಹೋಗಿತ್ತು. ಎತ್ತರ ಸುಮಾರು 11,500 ಅಡಿ. ಅಷ್ಟು ಮೇಲೆ ಟ್ಯಾಂಕ್ ಬರುತ್ತೆ ಅಂತ ಯಾರೂ ಕನಸಿನಲ್ಲೂ ನೆನೆದಿರಲಿಲ್ಲ. ಅಲ್ಲಿನ ಡಿವಿಷನ್ ಮುಖ್ಯಸ್ಥರು ಮಡಿಕೇರಿಯ ಕೊಡವರು, ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಏಳನೇ ಕ್ಯಾವಲ್ರಿಯ ಸ್ಟುವರ್ಟ್‌ಗಳ ತೋಪಿನ ಮೇಲ್ಭಾಗ ಕಳಚಿ, ಟಾರ್ಪಾಲು ಹೊದಿಸಿ ಗುಟ್ಟಾಗಿ ತಂದರು. ಹೇಸರಗತ್ತೆ ಓಡಾಡುವ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು, ಅಂದರೆ ಹಲಸೂರು ಕೆರೆ ಪಕ್ಕದ ನಮ್ಮ ಎಂಇಜಿಯವರು. ಹಿಮದ ನಡುವೆ ಟ್ಯಾಂಕುಗಳು ಕಣಿವೆ ಭೇದಿಸಿದ್ದು 1 ನವೆಂಬರ್ 1948. ಆ ತಿಂಗಳೊಳಗೆ ದ್ರಾಸ್, ಕಾರ್ಗಿಲ್ ಕೈಗೆ ಬಂದವು. ಎಂಟು ವರ್ಷದ ನಂತರ ಅದೇ ತಾರೀಖಿಗೆ ನಮ್ಮ ರಾಜ್ಯ ಒಂದಾಯಿತು. ಪ್ರತಿ ರಾಜ್ಯೋತ್ಸವಕ್ಕೆ ಇಲ್ಲಿ ಬಾವುಟ ಹಾರಿಸಿ ಹಾಡ್ತೀವಿ, ಈ ಮಾತು ಯಾರ ಭಾಷಣದಲ್ಲೂ ಬಂದದ್ದು ನಾನು ಕೇಳಿಲ್ಲ. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ರಜೆಗೆ ಹೋದಾಗ ದಾರಿ ಬದಲಿಸಿಯಾದರೂ ನೋಡಬಹುದು.

ಇನ್ನು ಡಚ್ಚರ ಕಥೆಗೂ ಒಂದು ತಿರುವು ಇದೆ. ಖರ್ಚು ಜಾಸ್ತಿ ಅಂತ 2011ರಲ್ಲಿ ಇವರು ಟ್ಯಾಂಕುಗಳನ್ನೇ ಕೈಬಿಟ್ಟರು. ಮೇ 18ರಂದು ಜರ್ಮನಿಯ ಬರ್ಗನ್-ಹೋನಾ ಮೈದಾನದಲ್ಲಿ ಕೊನೆಯ ಗುಂಡು ಹಾರಿಸಿ, ಮುಂದೆ ನೂರು ಲೆಪರ್ಡ್‌ಗಳನ್ನು ಫಿನ್‌ಲ್ಯಾಂಡಿಗೆ ಮಾರಿದರು. ಉಕ್ರೇನ್ ಯುದ್ಧ ಕಂಡ ಮೇಲೆ 2024ರಲ್ಲಿ ಮನಸ್ಸು ಬದಲಿಸಿ, ಮತ್ತೆ ಹೊಸ ಲೆಪರ್ಡ್ ಪಡೆ ಕಟ್ಟುತ್ತೇವೆ ಅಂದರು. ಅದರ ಖರ್ಚಿನಲ್ಲಿ ನಮ್ಮ ಸಂಬಳದ ತೆರಿಗೆಯದೂ ಒಂದು ಪಾಲು. ಆ ಲೆಕ್ಕದಲ್ಲಿ ಅದೂ 'ನಮ್ದೇ'.

ಸ್ಟುವರ್ಟ್ ಮಾದರಿ ನನಗೆ ಸಿಕ್ಕಿದ್ದು ಅಮೆರಿಕದ ಬಿಳಿ ನಕ್ಷತ್ರದ ಜೊತೆ. ನಕ್ಷತ್ರ ಅಳಿಸಿಲ್ಲ. ಕೆಳಗೆ ಒಂದು ಚೀಟಿ ಅಂಟಿಸಿದ್ದೀನಿ, ಮಗಳ ಕೈಲೇ ಬರೆಸಿದ್ದು, ಕನ್ನಡದಲ್ಲಿ: ಜೋಜಿ ಲಾ, 1-11-1948. ಅಕ್ಷರ ಸ್ವಲ್ಪ ಸೊಟ್ಟ. ಓದಬಹುದು.