ಕುಲುಮೆಯಿಂದ ಹಡಗಿಗೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕುಲುಮೆಯ ಚರಿತ್ರೆಯಾಗಿಯೇ ಹೇಳುತ್ತೇವೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, 1923ರ ಜನವರಿಯಲ್ಲಿ ಹೊತ್ತಿಕೊಂಡ ಊದುಕುಲುಮೆ, ಸರ್ ಎಂ. ವಿಶ್ವೇಶ್ವರಯ್ಯನವರ ಛಲ, ಇವೆಲ್ಲ ಶಿವಮೊಗ್ಗೆಯ ಸೀಮೆಯಲ್ಲಿ ಮನೆಮಾತು. ನನ್ನ ಕುತೂಹಲವಾದರೋ ಕಬ್ಬಿಣ ಕುಲುಮೆಯಿಂದ ಹೊರಬಿದ್ದ ಮೇಲಿನ ಕಥೆಯನ್ನು ಕುರಿತದ್ದು. ಇದ್ದಿಲಿನಿಂದ ಕರಗಿಸಿದ ಈ ಬೀಡುಕಬ್ಬಿಣಕ್ಕೆ ಅಮೆರಿಕವು ದೊಡ್ಡ ಪೇಟೆಯಾದೀತೆಂದು ಎಣಿಸಿದ್ದರು. ಮಹಾಯುದ್ಧ ಮುಗಿದು ಬೆಲೆ ಕುಸಿದದ್ದರಿಂದ ಕಾರ್ಖಾನೆ ಮೊದಲ ವರ್ಷಗಳಲ್ಲಿ ಬಹಳ ಕಷ್ಟಪಟ್ಟಿತು.

ಬೆಲೆಯ ಮಾತು ಹಾಗಿರಲಿ. ಭದ್ರಾವತಿಯಲ್ಲಿ ರೈಲಿಗೇರಿದ ಸರಕು ಸಮುದ್ರ ದಾಟುವಾಗ ಹಡಗು ಮುಳುಗಿದರೆ ನಷ್ಟ ಯಾರ ಪಾಲಿಗೆ?

ನಮ್ಮ 1930ರ ಸರಕು ಮಾರಾಟದ ಶಾಸನ ಹೇಳುವುದಿಷ್ಟು: ಬೇರೆ ಮಾತಾಗದಿದ್ದರೆ, ಒಡೆತನ ಯಾರದೋ ನಷ್ಟವೂ ಅವರದೇ. ಹಣ ಕೈಸೇರುವವರೆಗೆ ಭದ್ರವಾಗಿರಲೆಂದು ಮಾರುವವನು ಹಡಗಿನ ರಸೀತಿಯನ್ನು ತನ್ನ ಹೆಸರಿನಲ್ಲೇ ಬರೆಸಿಕೊಂಡರೆ ಒಡೆತನ ಸಾಮಾನ್ಯವಾಗಿ ಅವನಲ್ಲೇ ಉಳಿಯುತ್ತದೆ. ಅದರ ಬೆನ್ನಿಗೇ ನಷ್ಟದ ಭಯವೂ ಉಳಿಯುತ್ತದೆ.

ದೇಶದೇಶಗಳ ನಡುವಣ ಮಾರಾಟಕ್ಕೆ ಒಂದೇ ಕಾನೂನು ಬೇಕೆಂಬ ಯತ್ನ ರೋಮ್ ನಗರದ ಸಂಸ್ಥೆಯೊಂದರಲ್ಲಿ 1930ರ ದಶಕದಲ್ಲೇ ಮೊದಲಾಗಿ, 1964ರಲ್ಲಿ ಹೇಗ್ ನಗರವನ್ನು ಹಾಯ್ದು, 1980ರ ಏಪ್ರಿಲ್ 11ರಂದು ವಿಯನ್ನಾ ಒಡಂಬಡಿಕೆಯಾಗಿ ಫಲಿಸಿತು. 1988ರ ಜನವರಿ 1ರಂದು ಅದು ಜಾರಿಗೆ ಬಂದಿತು. ಅದರ 67ನೆಯ ವಿಧಿ ಒಡೆತನವನ್ನು ಕೇಳುವುದೇ ಇಲ್ಲ. ಇಂಥ ಸ್ಥಳದಲ್ಲೇ ಒಪ್ಪಿಸಬೇಕೆಂಬ ಕರಾರಿಲ್ಲದಿದ್ದರೆ, ಕೊಂಡವನಿಗೆಂದು ಗುರುತಿಸಿದ ಸರಕು ಮೊದಲ ಸಾಗಣೆಗಾರನ ಕೈಸೇರಿದೊಡನೆ ನಷ್ಟದ ಹೊಣೆ ಕೊಂಡವನಿಗೆ ದಾಟುತ್ತದೆ. ರಸೀತಿ ಮಾರಿದವನ ಬಳಿಯೇ ಇದ್ದರೂ ಬಾಧಕವಿಲ್ಲ. ಎಂದರೆ, ಒಂದು ಕಾನೂನಿನಲ್ಲಿ ಸಾಗರದ ನಡುವೆಯೂ ಭದ್ರಾವತಿಯವನನ್ನು ಬೆನ್ನಟ್ಟಬಹುದಾದ ಹೊಣೆ, ಇನ್ನೊಂದರಲ್ಲಿ ಭದ್ರಾವತಿಯ ರೈಲುನಿಲ್ದಾಣದಲ್ಲೇ ಇಳಿದುಹೋಗುತ್ತದೆ!

ಅಮೆರಿಕ ಮೊದಲಿನಿಂದಲೂ, ಜಪಾನ್ 2009ರಿಂದಲೂ ಈ ಒಡಂಬಡಿಕೆಯಲ್ಲಿವೆ, ಭಾರತ ಸೇರಿಲ್ಲ. ಸೇರಿಲ್ಲವೆಂದು ನಮ್ಮವರು ನಿಶ್ಚಿಂತರಾಗುವಂತೆಯೂ ಇಲ್ಲ. ಮಾಚೇನಹಳ್ಳಿಯ ಎರಕದ ಕಾರ್ಖಾನೆಯವರೊಬ್ಬರು ಕರಾರಿನಲ್ಲಿ ‘ಜಪಾನಿನ ಕಾನೂನು ಅನ್ವಯಿಸತಕ್ಕದ್ದು’ ಎಂದಷ್ಟೇ ಬರೆದು ಸಹಿ ಹಾಕಿದರೆ, ವಿಯನ್ನಾ ಒಡಂಬಡಿಕೆಯೂ ಅದರೊಡನೆ ಒಳಗೆ ಬಂದಂತೆಯೇ. ಬೇಡವೆಂದರೆ ಬೇಡವೆಂದೇ ಬರೆಯಬೇಕು.

ಮಾರುವವನಿಗೆ ಇಷ್ಟು ಆಸರೆ ಕೊಡುವ ನಿಯಮವನ್ನು ರಫ್ತು ಹೆಚ್ಚಬೇಕೆನ್ನುವ ನಾಡು ದೂರವಿಟ್ಟಿರುವುದು ನನಗೆ ಸೋಜಿಗವೆನಿಸುತ್ತದೆ. ಕೊಳ್ಳುವಾಗ ಅದೇ ನಿಯಮ ನಮಗೆ ಭಾರವಾದೀತೆಂಬ ಆಕ್ಷೇಪಣೆಯೂ ಸಲ್ಲದ್ದಲ್ಲ. ಎರಡನ್ನೂ ತೂಗಿ ನೋಡುವ ಚರ್ಚೆಯಾದರೂ ನಡೆಯಬೇಡವೆ? ಕಬ್ಬಿಣ ಕರಗಿಸುವುದನ್ನು ನಾವು ನೂರು ವರ್ಷಗಳ ಹಿಂದೆಯೇ ಕಲಿತೆವು; ಅದನ್ನು ಮಾರುವ ಕರಾರನ್ನು ಓದುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಬೇಕಾಗಿದೆ.