ಶಹಾಪುರದ ಸಂತ್ಯಾಗ ಮೂರು ಬಾಲ

ಪ್ರೊಡಕ್ಷನ್ ಸರ್ವರ್ ಕೈಕೊಟ್ಟ ಒಂದು ರಾತ್ರಿ ನಾವು ನಾಲ್ಕು ಜನ ಲಾಗ್ ಫೈಲಿನ ಮೇಲೆ 'ಟೇಲ್' ಕಮಾಂಡ್ ಓಡಿಸಿಕೊಂಡು ಕೂತಿದ್ವಿ. ಫೈಲಿನ ಕೊನೆಯ ಸಾಲುಗಳನ್ನಷ್ಟೇ ತೋರಿಸೋ ಕಮಾಂಡ್ ಅದು. ನಿದ್ದೆ ಬಾರದಿರಲಿ ಅಂತ ಮಾತು ಶುರುವಾಯ್ತು: ಟೇಲ್‌ಗೆ ನಿಮ್ಮ ಕಡೆ ಏನಂತಾರೆ? ಮಂಗಳೂರಿನವ ತುಳುವಿನಲ್ಲಿ 'ಬೀಲ' ಅಂದ. ಹೈದರಾಬಾದಿನವಳು 'ತೋಕ' ಅಂದಳು. ನಾನು, "ನಮ್ಮ ಶಹಾಪುರದಾಗ ಬಾಲ, ತೋಕ, ದುಮ್ ಮೂರೂ ನಡೀತಾವ" ಅಂದೆ. ಮೈಸೂರು ಕಡೆಯ ಲೀಡ್ ನಕ್ಕುಬಿಟ್ಟ. "ನಿಮ್ದು ಕನ್ನಡಾನೇ ಅಲ್ಲ ಬಿಡಪ್ಪ, ಚಿತ್ರಾನ್ನ."

ಬೆಂಗಳೂರಿಗೆ ಬಂದಾಗಿನಿಂದ ಕೇಳ್ತಾ ಬಂದ ಮಾತೇ ಇದು. ಪ್ರತಿಸಲ ನಾನೂ ಜೊತೆಗೆ ನಗ್ತೀನಿ. ಆವತ್ತು ಯಾಕೋ ನಗು ಬರಲಿಲ್ಲ.

ಸಣ್ಣವನಿದ್ದಾಗ ಅಪ್ಪನ ಜೊತೆ ಎತ್ತಿನ ಸಂತೆಗೆ ಹೋಗ್ತಿದ್ದೆ. ಎತ್ತು ನೋಡೋವಾಗ ಅಪ್ಪ ಹಲ್ಲು ಎಣಿಸಿ, ಸುಳಿ ನೋಡಿ, ಕಡೆಗೆ ಬಾಲಕ್ಕೆ ಬರ್ತಿದ್ದ. "ಬಾಲದ ಕುಚ್ಚು ನೋಡೊ ತಮ್ಮಾ, ಕರ್ರಗ ಅದ ಇಲ್ಲೊ?" ದಲಾಲಿ ಚಾಚಾ ಅದನ್ನೇ 'ದುಮ್' ಅನ್ನೋರು. ತೆಲುಗು ಸೀಮೆಯಿಂದ ಬಂದ ವ್ಯಾಪಾರಿ 'ತೋಕ' ಅನ್ನೋನು. ಮೂವರಿಗೂ ಮೂವರ ಮಾತು ತಿಳೀತಿತ್ತು. ಭಾಷೆಯ ದೆಸೆಯಿಂದ ವ್ಯಾಪಾರ ಮುರಿದದ್ದು ನಾನಂತೂ ನೋಡಿಲ್ಲ.

ಇದು ನಿನ್ನೆ ಮೊನ್ನೆ ಆದ ಬೆರಕೆ ಅಲ್ಲ. ಕೃಷ್ಣಾ-ಭೀಮಾ ನಡುವಿನ ನಮ್ಮ ಸಗರನಾಡು ಬಹಮನಿ, ಆದಿಲ್‌ಶಾಹಿಗಳನ್ನು ಕಂಡ ನೆಲ. ಪಕ್ಕದ ಸುರಪುರ ಸಂಸ್ಥಾನವನ್ನು ಬ್ರಿಟಿಷರು 1860ರಲ್ಲಿ ನಿಜಾಮನಿಗೆ ಕೊಟ್ಟರು. 1948ರವರೆಗೆ ನಿಜಾಮನ ಆಳ್ವಿಕೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಪಕ್ಕದ ಜಿಲ್ಲೆಗಳಲ್ಲಿ ತೆಲುಗು, ಮರಾಠಿ. ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರ ನವೆಂಬರ್ 1ಕ್ಕೆ. 'ದುಮ್' ಪಾರಸಿ ಪದ, ಉರ್ದುವಿನ ಜೊತೆ ನಮ್ಮ ಸಂತೆಗೆ ಬಂತು. ಒಪ್ಪಿದೆ. ಹಾಗಾದರೆ ಲೀಡ್ ಹೇಳೋ ಶುದ್ಧ ಕನ್ನಡದ 'ಬಾಲ' ಎಲ್ಲಿಂದ ಬಂತು?

ಇಲ್ಲಿದೆ ನೋಡಿ ಮಜಾ. ಸಂಸ್ಕೃತದಲ್ಲಿ 'ವಾಲ' ಅಂದರೆ ಕೂದಲು, ಅದರಲ್ಲೂ ಕುದುರೆ ಬಾಲದ ಕೂದಲು. ಅಮರಕೋಶ ಬಾಲಕ್ಕೆ ಐದು ಹೆಸರು ಕೊಡುತ್ತೆ: ಪುಚ್ಛ, ಲೂಮ, ಲಾಂಗೂಲ, ವಾಲಹಸ್ತ, ವಾಲಧಿ. ಮೊದಲ ಮೂರು ಯಾವುದೇ ಬಾಲಕ್ಕೆ, ಕೊನೆಯ ಎರಡು ಕೂದಲಿರೋ ಬಾಲಕ್ಕೆ ಅಂತ ವ್ಯಾಖ್ಯಾನಕಾರರು ಬಿಡಿಸಿ ಹೇಳ್ತಾರೆ. 'ವನ' ನಮ್ಮಲ್ಲಿ 'ಬನ' ಆದ ಹಾಗೆ 'ವಾಲ' 'ಬಾಲ' ಆಗಿರಬಹುದು. ಹಾಗಿದ್ದರೆ ಒಂದೂ ಕೂದಲಿಲ್ಲದ ಹಲ್ಲಿಯ ಹಿಂಭಾಗಕ್ಕೂ ನಾವು ಕೂದಲು ಅಂತಲೇ ಕರೀತಿದ್ದೀವಿ!

ಆದರೆ ತಮಿಳು, ಮಲಯಾಳದಲ್ಲೂ ಬಾಲಕ್ಕೆ 'ವಾಲ್' ಅಂತಾರೆ. ತಮಿಳಿನ 'ವಾಯ್' ಕನ್ನಡದಲ್ಲಿ 'ಬಾಯಿ', ಅವರ 'ವಾ' ನಮ್ಮ 'ಬಾ'. ಆ ದಾರಿಯಲ್ಲಿ ಬಂದರೂ ಸಿಗೋದು 'ಬಾಲ'ವೇ. ಎರಡೂ ದಾರಿ ಒಂದೇ ಮನೆಗೆ ಬರ್ತಾವೆ. ಹೀಗಾಗಿ ಬರೀ ಸದ್ದಿನ ನಿಯಮ ಹಿಡಿದು 'ಬಾಲ' ನಮ್ಮದೋ ಪರರದೋ ಅಂತ ತೀರ್ಪು ಕೊಡೋಕಾಗಲ್ಲ.

ಇನ್ನು 'ತೋಕ'. ಲೀಡ್ ಅದನ್ನು ತೆಲುಗು ಅಂದ. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ 'ತೋಕೆ' ಇದೆ: ಬಾಲ, ನವಿಲಿನ ಗರಿಗಳ ಸಮೂಹ ಅನ್ನೋ ಅರ್ಥಗಳಲ್ಲಿ. ತಮಿಳಿನಲ್ಲಿ ಅದು 'ತೋಗೈ'. ಮೂರು ಭಾಷೆಗಳ ಹಂಚಿಕೆಯ ಆಸ್ತಿ ಅದು. ತೆಲುಗರು ಎಲ್ಲ ಪ್ರಾಣಿಗೂ ಉಳಿಸಿಕೊಂಡರು. ನಮ್ಮ ಬರವಣಿಗೆಯಲ್ಲಿ ಅದು ಹೆಚ್ಚಾಗಿ ನವಿಲಿಗೆ ಮೀಸಲಾಯ್ತು.

ಮೀಸಲಾಗಿದ್ದು ಒಳ್ಳೇದೇ ಆಯ್ತು. ನವಿಲು ಕುಣಿಯುವಾಗ ಬಿಚ್ಚೋದು ನಿಜಕ್ಕೂ ಬಾಲ ಅಲ್ಲ. ಬಾಲದ ಬುಡವನ್ನು ಮುಚ್ಚೋ ಬೆನ್ನಿನ ಕಡೆಯ ಗರಿಗಳೇ ಉದ್ದ ಬೆಳೆದಿರ್ತಾವೆ. ಅಸಲಿ ಬಾಲ ಅದರ ಕೆಳಗೆ, ಗಿಡ್ಡಗೆ, ಕಂದು ಬಣ್ಣದ್ದು. ಮೇಲಿನ ಭಾರಕ್ಕೆ ಆಸರೆ ಕೊಡುತ್ತೆ. ಹಿಂದಿನಿಂದ ನೋಡಿದರೆ ಕಾಣುತ್ತೆ. ಅಂದರೆ ನವಿಲಿಗೆ ತೋಕೆಯೂ ಇದೆ, ಬಾಲವೂ ಇದೆ. ಎರಡು ಪದ ಉಳಿಸಿಕೊಂಡ ಭಾಷೆಗೆ ಎರಡನ್ನೂ ಬೇರೆ ಮಾಡಿ ಹೇಳೋಕೆ ಬರುತ್ತೆ.

ಬಾಲ ಇರೋ ನಕ್ಷತ್ರವನ್ನೇ ತಗೊಳ್ಳಿ. ಕನ್ನಡದಲ್ಲಿ ಬಾಲಚುಕ್ಕಿ, ತೆಲುಗಿನಲ್ಲಿ ತೋಕಚುಕ್ಕ, ಉರ್ದುವಿನಲ್ಲಿ ದುಮ್‌ದಾರ್ ಸಿತಾರಾ. ಸಂತೆಯ ಆ ಮೂವರೂ ತಲೆ ಎತ್ತಿ ನೋಡಿದ್ದರೆ ಕಾಣುತ್ತಿದ್ದದ್ದು ಒಂದೇ ಚುಕ್ಕಿ.

ಬೆಳಗಿನ ನಾಲ್ಕಕ್ಕೆ ಸರ್ವರ್ ಸರಿಹೋಯ್ತು. ಹೊರಡೋ ಮುಂಚೆ ಲೀಡ್‌ಗೆ ಒಂದೇ ಮಾತು ಹೇಳಿದೆ. "ಶಹಾಪುರ ಅನ್ನೋ ಹೆಸರಲ್ಲೇ 'ಶಾಹ' ಪಾರಸಿ, 'ಪುರ' ಸಂಸ್ಕೃತ. ಅಲ್ಲಿ ಹುಟ್ಟಿ ಆ ಹೆಸರನ್ನ ಕನ್ನಡದಾಗ ಕರೆಯೋರು ನಾವು. ಚಿತ್ರಾನ್ನ ಅಂದ್ರ ಅನ್ರಿ, ಆದ್ರ ಅಕ್ಕಿ ನಮ್ದೇ."